ನೀರಿನ ಭಾರಕ್ಕೆ ಲೆಕ್ಕ ಇಡುವವರು ಯಾರು?

ಮಲೆನಾಡಿನಲ್ಲಿ ನೆಲ ಅಲುಗಿದ ಸುದ್ದಿ ಬಂದಾಗಲೆಲ್ಲ ಎರಡು ಮಾತುಗಳು ಒಟ್ಟಿಗೇ ಹುಟ್ಟುತ್ತವೆ. ಅಣೆಕಟ್ಟಿನಿಂದಲೇ ಹೀಗಾಯಿತು ಎಂಬುದು ಒಂದು. ನೀರಿಗೂ ಭೂಕಂಪಕ್ಕೂ ಏನೇನೂ ಸಂಬಂಧವಿಲ್ಲ, ಜನ ಗಾಬರಿಯಾಗಬೇಕಿಲ್ಲ ಎಂಬುದು ಮತ್ತೊಂದು. ಮೊದಲನೆಯದು ಹುಟ್ಟುವುದು ಊರಿನ ಜಗಲಿಯ ಮೇಲೆ, ಎರಡನೆಯದು ಸರ್ಕಾರಿ ಕಚೇರಿಯಲ್ಲಿ. ಹುಣ್ಣಿಮೆಯೋ ಅಮಾವಾಸ್ಯೆಯೋ ಸಮೀಪದಲ್ಲಿದ್ದರೆ ಮೂರನೆಯ ಮಾತೂ ಬಂದು ಸೇರುತ್ತದೆ: ಸಮುದ್ರವನ್ನು ಎಳೆಯುವ ಚಂದ್ರ ನೆಲವನ್ನೂ ಎಳೆದ ಎಂದು. ಮೂರೂ ಅರೆಬರೆ ತಿಳಿದ ಮಾತುಗಳೇ. ಆದರೆ ಅರೆಬರೆ ತಿಳಿವಳಿಕೆಯ ಮೇಲೆಯೇ ಅಣೆಕಟ್ಟುಗಳಿಗೆ ಅನುಮತಿ ಸಿಗುತ್ತದೆ, ಅದರ ಮೇಲೆಯೇ ಪ್ರತಿಭಟನೆಗಳೂ ನಡೆಯುತ್ತವೆ. ಆದ್ದರಿಂದ ನೀರು, ಹಿಮ ಮತ್ತು ಉಬ್ಬರವಿಳಿತಗಳು ಭೂಮಿಯ ಒಡಲನ್ನು ಎಷ್ಟರಮಟ್ಟಿಗೆ ಕದಲಿಸಬಲ್ಲವು ಎಂಬುದನ್ನು ಬೆಟ್ಟದ ಜನ ಸರಿಯಾಗಿ ತಿಳಿದುಕೊಳ್ಳುವುದು ಅಗತ್ಯ. ಈ ತಿಳಿವಳಿಕೆಯ ಬಹುಮುಖ್ಯ ಪಾಠವೊಂದು ಜಗತ್ತಿಗೆ ದೊರೆತದ್ದು ಸಹ್ಯಾದ್ರಿಯ ಮಡಿಲಿನಿಂದಲೇ ಎಂಬುದು ಅನೇಕರಿಗೆ ಗೊತ್ತಿಲ್ಲ.

ಕೊಯ್ನಾ ಕಣಿವೆಯ ಪಾಠ

ಮಹಾಬಲೇಶ್ವರದ ಬಳಿ ಹುಟ್ಟುವ ಕೊಯ್ನಾ ನದಿ ಕರಾಡದಲ್ಲಿ ಕೃಷ್ಣೆಯನ್ನು ಕೂಡಿಕೊಂಡು, ಆ ಹೆಸರಿನಲ್ಲಿ ಕರ್ನಾಟಕಕ್ಕೆ ಹರಿದು ಬರುತ್ತದೆ. ಈ ನದಿಗೆ ಮಹಾರಾಷ್ಟ್ರದ ಘಟ್ಟದಲ್ಲಿ 103 ಮೀಟರ್ ಎತ್ತರದ ಅಣೆಕಟ್ಟು ಎದ್ದು ನಿಂತಿತು. ಶಿವಾಜಿಸಾಗರ ಎಂದು ಹೆಸರಾದ ಆ ಜಲಾಶಯದಲ್ಲಿ ಸುಮಾರು 280 ಕೋಟಿ ಘನಮೀಟರ್ ನೀರು ನಿಲ್ಲುತ್ತದೆ. ಅಂದರೆ ಹಿಂದೆಂದೂ ಅಷ್ಟು ಭಾರ ಹೊರದಿದ್ದ ಒಂದು ಕಣಿವೆಯ ಮೇಲೆ ಸುಮಾರು 280 ಕೋಟಿ ಟನ್ ತೂಕವನ್ನು ಕೆಲವೇ ಮಳೆಗಾಲಗಳಲ್ಲಿ ಇಟ್ಟಂತಾಯಿತು. 1962ರ ವೇಳೆಗೆ ನೀರು ತುಂಬತೊಡಗಿತು. ಅದರ ಬೆನ್ನಿಗೇ ಸುತ್ತಲಿನ ಹಳ್ಳಿಗಳಲ್ಲಿ ಬಂಡೆ ಸಿಡಿಸಿದಂಥ ಸದ್ದು, ಪಾತ್ರೆಗಳು ಅಲುಗುವಷ್ಟು ಸಣ್ಣ ನಡುಕ ಶುರುವಾದವು. ಜನ ದೂರಿದರು. ದಖ್ಖನ್ ಪ್ರಸ್ಥಭೂಮಿ ಪುರಾತನ ಗಟ್ಟಿ ಶಿಲೆಯದು, ಅಲ್ಲಿ ದೊಡ್ಡ ಭೂಕಂಪವಾಗದು ಎಂಬುದೇ ಆಗಿನ ತಜ್ಞರ ಸಾಮಾನ್ಯ ನಂಬಿಕೆಯಾಗಿತ್ತು.

1967ರ ಡಿಸೆಂಬರ್ 11ರ ನಸುಕಿನ 4 ಗಂಟೆ 21 ನಿಮಿಷಕ್ಕೆ ಆ ನಂಬಿಕೆ ಕುಸಿದುಬಿತ್ತು. 6.3 ತೀವ್ರತೆಯ ಭೂಕಂಪ ಕೊಯ್ನಾನಗರದ ಹೆಚ್ಚಿನ ಮನೆಗಳನ್ನು ಕೆಡವಿತು. ಇನ್ನೂರರ ಆಸುಪಾಸು ಜನ ಸತ್ತರು, ಸಾವಿರಾರು ಜನ ಮನೆಮಠ ಕಳೆದುಕೊಂಡರು. ಗುರುತ್ವದ ಶೇಕಡಾ 5ರಷ್ಟು ಅಡ್ಡತಳ್ಳಾಟವನ್ನು ತಾಳಿದರೆ ಸಾಕು ಎಂಬ ಲೆಕ್ಕದಲ್ಲಿ ಕಟ್ಟಿದ್ದ ಅಣೆಕಟ್ಟಿನಲ್ಲೇ ಇದ್ದ ಮಾಪಕವು ಶೇಕಡಾ 60ಕ್ಕೂ ಮೀರಿದ ತಳ್ಳಾಟವನ್ನು ದಾಖಲಿಸಿತು. ಕಟ್ಟೆಯ ಎರಡೂ ಮುಖಗಳಲ್ಲಿ ಅಡ್ಡ ಬಿರುಕುಗಳು ಮೂಡಿದವು. ಕಟ್ಟೆ ಒಡೆಯಲಿಲ್ಲವಾದ್ದರಿಂದ ಕೆಳಗಿನ ಬಯಲು ಉಳಿಯಿತು. ಆನಂತರ ಕಟ್ಟೆಗೆ ಒತ್ತುಗೋಡೆಗಳನ್ನು ಕೊಟ್ಟು ಭದ್ರಪಡಿಸಲಾಯಿತು. 1970ರಲ್ಲಿ ದೇಶದ ಭೂಕಂಪ ವಲಯಗಳ ನಕ್ಷೆಯನ್ನೇ ಬದಲಿಸಬೇಕಾಯಿತು.

ಕೊಯ್ನಾ ಅಲ್ಲಿಗೆ ಶಾಂತವಾಗಲಿಲ್ಲ. 1967ರಿಂದೀಚೆಗೆ ಸುಮಾರು 20 ಕಿ.ಮೀ. ಅಗಲ, 30 ಕಿ.ಮೀ. ಉದ್ದದ ಒಂದು ಸಣ್ಣ ಪ್ರದೇಶದೊಳಗೆ 5ಕ್ಕಿಂತ ಹೆಚ್ಚು ತೀವ್ರತೆಯ ಭೂಕಂಪಗಳೇ 20ಕ್ಕೂ ಹೆಚ್ಚು ಆಗಿವೆ, ಸಣ್ಣವು ಸಾವಿರಾರು. ದಕ್ಷಿಣಕ್ಕೆ ಸುಮಾರು 30 ಕಿ.ಮೀ. ದೂರದಲ್ಲಿ ವಾರಣಾ ಜಲಾಶಯ 1985ರಿಂದ ತುಂಬತೊಡಗಿತು. 1993ರಿಂದ ಕಂಪನಗಳ ಗುಂಪು ಆ ಕಡೆಗೂ ಹಬ್ಬಿತು. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ಹರ್ಷ ಗುಪ್ತ ಮತ್ತು ಸಂಗಡಿಗರು ದಶಕಗಳ ಕಾಲ ಜಲಾಶಯದ ನೀರಿನ ಮಟ್ಟವನ್ನೂ ಕಂಪನಗಳ ದಿನಾಂಕವನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದರು. ಮುಂಗಾರಿನಲ್ಲಿ ನೀರು ಏರಿದ ಕೆಲವು ವಾರಗಳ ಬಳಿಕ ಕಂಪನಗಳು ಹೆಚ್ಚುವುದು, ಬೇಸಿಗೆಗೆ ಮುನ್ನ ನೀರು ಇಳಿಯುವಾಗ ಇನ್ನೊಮ್ಮೆ ಹೆಚ್ಚುವುದು ಅವರಿಗೆ ಕಂಡುಬಂತು. ನೀರಿನ ಮಟ್ಟ ಎಷ್ಟು ಎಂಬುದರ ಜೊತೆಗೆ ಅದು ಎಷ್ಟು ಬೇಗ ಏರಿತು ಎಂಬುದೂ ಮುಖ್ಯವೆಂದು ತಿಳಿಯಿತು. ವಾರಕ್ಕೆ 12 ಮೀಟರಿಗೂ ಮಿಕ್ಕಿ ಏರಿದ ವರ್ಷಗಳಲ್ಲಿ 5ನ್ನು ದಾಟುವ ಭೂಕಂಪದ ಸಂಭವ ಹೆಚ್ಚೆಂದು ಅವರು ತೋರಿಸಿದರು.

ಜಗತ್ತಿನಲ್ಲಿ ಇಂಥ ಘಟನೆ ಕೊಯ್ನಾವೊಂದೇ ಅಲ್ಲ. ಅಮೆರಿಕದ ಹೂವರ್ ಅಣೆಕಟ್ಟಿನ ಮೀಡ್ ಸರೋವರ 1935ರಿಂದ ತುಂಬಿದಾಗಲೇ ನಡುಕಗಳು ಕಾಣಿಸಿಕೊಂಡಿದ್ದವು. ಚೀನಾದ ಶಿನ್‌ಫೆಂಗ್‌ಜಿಯಾಂಗ್‌ನಲ್ಲಿ 1962ರಲ್ಲಿ, ಆಫ್ರಿಕಾದ ಕರೀಬಾದಲ್ಲಿ 1963ರಲ್ಲಿ, ಗ್ರೀಸಿನ ಕ್ರೆಮಾಸ್ತಾದಲ್ಲಿ 1966ರಲ್ಲಿ ಜಲಾಶಯಗಳ ಬಳಿ 6ನ್ನು ಮೀರಿದ ಭೂಕಂಪಗಳಾದವು. ಜಲಾಶಯದೊಂದಿಗೆ ತಳಕು ಹಾಕಿಕೊಂಡ ಭೂಕಂಪಗಳಲ್ಲಿ ನಿಸ್ಸಂದೇಹವಾಗಿ ಅತಿ ದೊಡ್ಡದೆಂದು ವಿಜ್ಞಾನಿಗಳು ಸಾಮಾನ್ಯವಾಗಿ ಒಪ್ಪುವುದು ಮಾತ್ರ ಕೊಯ್ನಾವನ್ನೇ.

ಧರೆ ಜಾರುವ ಬಗೆ

ಇಲ್ಲೊಂದು ಪ್ರಶ್ನೆ ಏಳುತ್ತದೆ. ನೂರು ಮೀಟರ್ ಆಳದ ನೀರು ತನ್ನ ತಳದ ಪ್ರತಿ ಚದರ ಮೀಟರಿನ ಮೇಲೆ ಹೇರುವ ಭಾರ 100 ಟನ್. ಐದು ಕಿಲೋಮೀಟರ್ ಆಳದಲ್ಲಿ ಬಂಡೆಯ ಮೇಲೆ ಬಂಡೆಯೇ ಹೇರಿರುವ ಭಾರ 13,000 ಟನ್ನಿಗೂ ಹೆಚ್ಚು. ನೂರರಲ್ಲಿ ಒಂದು ಪಾಲೂ ಅಲ್ಲದ ಈ ಹೆಚ್ಚುವರಿ ಭಾರ ಬೆಟ್ಟವನ್ನು ನಡುಗಿಸುವುದು ಹೇಗೆ?

ಇದಕ್ಕೆ ಉತ್ತರ ಮಲೆನಾಡಿನ ಕೃಷಿಕರ ಕಣ್ಣೆದುರೇ ಇದೆ. ತೋಟದ ಮೇಲಣ ಧರೆ ಬೇಸಿಗೆಯಲ್ಲಿ ಗೋಡೆಯಂತೆ ನಿಂತಿರುತ್ತದೆ. ಆಷಾಢದ ಮಳೆ ವಾರಗಟ್ಟಲೆ ಹೊಯ್ದ ಮೇಲೆ, ಮಳೆ ತುಸು ಬಿಡುವು ಕೊಟ್ಟ ಹೊತ್ತಿನಲ್ಲಿ ಒಮ್ಮೆಲೇ ಜಾರುತ್ತದೆ. ಮಣ್ಣಿಗೆ ನೀರಿನ ತೂಕ ಸೇರಿತೆಂಬುದು ಕಾರಣದ ಒಂದು ಭಾಗ ಮಾತ್ರ. ಮಣ್ಣಿನ ಕಣಗಳು ಒಂದನ್ನೊಂದು ಒತ್ತಿ ಹಿಡಿದಿರುವುದರಿಂದ ಧರೆ ನಿಲ್ಲುತ್ತದೆ. ಕಣಗಳ ನಡುವಣ ಸಂದುಗಳಲ್ಲಿ ನೀರು ತುಂಬಿ ಅದರ ಒತ್ತಡ ಏರಿದಾಗ, ಆ ನೀರೇ ಕಣಗಳನ್ನು ಒಂದರಿಂದೊಂದು ದೂರ ತಳ್ಳುತ್ತದೆ. ಹಿಡಿತ ಸಡಿಲವಾಗುತ್ತದೆ. ಮೇಲಿನ ಭಾರ ಅಷ್ಟೇ ಇದ್ದರೂ ಜಾರುವಿಕೆಯನ್ನು ತಡೆಯುವ ಬಿಗಿ ಕಡಿಮೆಯಾಗುತ್ತದೆ. ಮಣ್ಣಿನ ಬಗೆಗಿನ ಈ ನಿಯಮವನ್ನು ಕಾರ್ಲ್ ಟೆರ್ಜಾಗಿ 1920ರ ದಶಕದಲ್ಲಿ ರೂಪಿಸಿದರು. 1959ರಲ್ಲಿ ಹಬ್ಬರ್ಟ್ ಮತ್ತು ರೂಬಿ ಎಂಬ ಭೂವಿಜ್ಞಾನಿಗಳು ಅದೇ ನಿಯಮ ಭೂಮಿಯಾಳದ ಬಂಡೆಗಳಿಗೂ ಸಲ್ಲುತ್ತದೆಂದು ತೋರಿಸಿದರು.

ಬಂಡೆಗಳ ನಡುವೆ ಹಿಂದೆಂದೋ ಜಾರಿದ ಸೀಳುಗಳಿರುತ್ತವೆ. ಅವನ್ನು ಸ್ತರಭಂಗ ಎನ್ನುತ್ತಾರೆ. ಭೂಫಲಕಗಳ ನಿಧಾನ ಚಲನೆಯಿಂದ ಆ ಸೀಳಿನ ಎರಡು ಬದಿಗಳ ನಡುವೆ ಸಾವಿರಾರು ವರ್ಷಗಳಿಂದ ಸೆಳೆತ ಕೂಡಿಬಂದಿರುತ್ತದೆ. ಜಲಾಶಯದ ತಳದಿಂದ ಇಳಿಯುವ ನೀರು, ಅದಕ್ಕಿಂತ ಹೆಚ್ಚಾಗಿ ಅದರ ಒತ್ತಡ, ಬಿರುಕಿನಿಂದ ಬಿರುಕಿಗೆ ಹರಡಿ ಆ ಸೀಳನ್ನು ತಲುಪಿದರೆ ಬದಿಗಳ ಹಿಡಿತ ಸಡಿಲಗೊಳ್ಳುತ್ತದೆ. ಜಾರಲು ಸಿದ್ಧವಾಗಿದ್ದ ಸೀಳು ಜಾರುತ್ತದೆ. ಒತ್ತಡ ಆಳಕ್ಕೆ ಹರಡಲು ವಾರಗಳು, ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಬೇಕು. ಕಂಪನಗಳು ನೀರು ತುಂಬಿದ ದಿನವೇ ಆಗದೆ ತಡವಾಗಿ ಆಗುವುದು ಇದರಿಂದಲೇ. ಕೊಯ್ನಾದಲ್ಲಿ ಸುಮಾರು 930 ಮೀಟರ್ ದಪ್ಪದ ಕಪ್ಪು ಬಸಾಲ್ಟ್ ಶಿಲೆಯ ಕೆಳಗೆ ಪುರಾತನ ಗ್ರಾನೈಟ್ ಇದೆಯೆಂದು ಕೊರೆಬಾವಿಗಳು ತೋರಿಸಿವೆ. ಕೇಂದ್ರ ಭೂವಿಜ್ಞಾನ ಸಚಿವಾಲಯ ಕರಾಡದಲ್ಲಿ ಪ್ರಯೋಗಾಲಯವನ್ನೇ ತೆರೆದು, 3 ಕಿ.ಮೀ. ಆಳದ ಬಾವಿ ಕೊರೆದು ಈ ಸೀಳುಗಳ ಅಧ್ಯಯನಕ್ಕೆ ತೊಡಗಿತು.

ಇದು ಬರಿಯ ಊಹೆಯಲ್ಲ ಎಂಬುದಕ್ಕೆ ಅಮೆರಿಕದ ಕೊಲರಾಡೊದಲ್ಲಿ ಪುರಾವೆ ಸಿಕ್ಕಿತು. ಡೆನ್ವರ್ ನಗರದ ಸಮೀಪದ ಸೇನಾ ರಾಸಾಯನಿಕ ಕಾರ್ಖಾನೆಯೊಂದು ತನ್ನ ಕೊಳಕು ನೀರನ್ನು 1962ರಿಂದ 3,600 ಮೀಟರಿಗೂ ಹೆಚ್ಚು ಆಳದ ಬಾವಿಗೆ ತುಂಬತೊಡಗಿತು. ಕೆಲವೇ ವಾರಗಳಲ್ಲಿ ನಗರ ನಡುಗಲಾರಂಭಿಸಿತು. ನೀರು ತುಂಬಿದ ಪ್ರಮಾಣಕ್ಕೂ ಕಂಪನಗಳ ಸಂಖ್ಯೆಗೂ ನಂಟಿದೆಯೆಂದು ಡೇವಿಡ್ ಇವಾನ್ಸ್ ಎಂಬ ಭೂವಿಜ್ಞಾನಿ 1965ರಲ್ಲಿ ಬಹಿರಂಗಪಡಿಸಿದ. 1966ರಲ್ಲಿ ನೀರು ತುಂಬುವುದು ನಿಂತಿತು. ಆದರೆ ಅತಿ ದೊಡ್ಡ ಕಂಪನಗಳು ಬಂದದ್ದು 1967ರಲ್ಲಿ! ಮುಚ್ಚಿದ ಮೇಲೂ ಒತ್ತಡ ಕೆಳಗೆ ಹರಡುತ್ತಲೇ ಇತ್ತು. ಅದೇ ರಾಜ್ಯದ ರೇಂಜ್ಲಿ ತೈಲಕ್ಷೇತ್ರದಲ್ಲಿ 1969ರಿಂದ 1973ರವರೆಗೆ ವಿಜ್ಞಾನಿಗಳು ಉದ್ದೇಶಪೂರ್ವಕವಾಗಿಯೇ ಪ್ರಯೋಗ ಮಾಡಿದರು. ಆಳದ ನೀರಿನ ಒತ್ತಡವನ್ನು ಒಂದು ಮಿತಿಗಿಂತ ಮೇಲೇರಿಸಿದಾಗ ಸಣ್ಣ ಕಂಪನಗಳು ಹೆಚ್ಚಿದವು, ಇಳಿಸಿದಾಗ ಬಹುತೇಕ ನಿಂತವು.

ಇತ್ತೀಚಿನ ಪಾಠ ಓಕ್ಲಹೋಮಾ ರಾಜ್ಯದ್ದು. ತೈಲದ ಜೊತೆ ಮೇಲೆ ಬರುವ ಉಪ್ಪುನೀರನ್ನು ಅಲ್ಲಿ ಆಳಕ್ಕೆ ಮರಳಿ ತುಂಬುತ್ತಿದ್ದರು. ಮೊದಲು 3ನ್ನು ಮೀರಿದ ಕಂಪನ ವರ್ಷಕ್ಕೆ ಒಂದೆರಡು ಆಗುತ್ತಿದ್ದ ಆ ರಾಜ್ಯದಲ್ಲಿ 2015ರಲ್ಲಿ ಅಂಥವು 900ರ ಆಸುಪಾಸು ಆದವು. 2016ರಲ್ಲಿ 5.8 ತೀವ್ರತೆಯ ಭೂಕಂಪವಾಯಿತು. ಸರ್ಕಾರ ನೀರು ತುಂಬುವುದಕ್ಕೆ ಮಿತಿ ಹಾಕಿತು, ತೈಲದ ಬೆಲೆಯೂ ಬಿದ್ದಿತ್ತು. ತುಂಬುವ ನೀರು ಕಡಿಮೆಯಾದಂತೆ ಕಂಪನಗಳೂ ಕಡಿಮೆಯಾದವು. ಮನುಷ್ಯ ಹೆಚ್ಚಿಸಿದ ಅಪಾಯವನ್ನು ಮನುಷ್ಯನೇ ತಗ್ಗಿಸಬಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಡ.

ನೀರನ್ನು ತುಂಬಿದರೆ ಮಾತ್ರವಲ್ಲ, ತೆಗೆದರೂ ಸಮತೋಲ ತಪ್ಪಬಹುದು. ಸ್ಪೇನಿನ ಲೋರ್ಕಾ ಪಟ್ಟಣದಲ್ಲಿ 2011ರಲ್ಲಿ 5.1 ತೀವ್ರತೆಯ ಭೂಕಂಪದಿಂದ 9 ಜನ ಸತ್ತರು. ನೀರಾವರಿಗಾಗಿ ಐದು ದಶಕ ಅಂತರ್ಜಲವನ್ನು ಎತ್ತಿದ್ದರಿಂದ ಅಲ್ಲಿಯ ಜಲಮಟ್ಟ ಸುಮಾರು 250 ಮೀಟರ್ ಕುಸಿದಿತ್ತು. ಭಾರ ಇಳಿದ ನೆಲದಡಿಯ ಸೀಳು ಜಾರಲು ಅದು ಒತ್ತಾಸೆಯಾಯಿತೆಂದು 2012ರ ಅಧ್ಯಯನವೊಂದು ತೀರ್ಮಾನಿಸಿತು. ಲೋರ್ಕಾ ಇರುವುದು ಮೊದಲೇ ಸಕ್ರಿಯವಾದ ಸ್ತರಭಂಗದ ಮಗ್ಗುಲಲ್ಲಿ ಎಂಬುದನ್ನೂ ಮರೆಯಬಾರದು.

ಹಿಮ ಕರಗಿದ ನೆಲ

ಒಂದು ಜಲಾಶಯದ ಭಾರವೇ ಇಷ್ಟು ಮಾಡುವುದಾದರೆ ಇಡೀ ದೇಶವನ್ನು ಮುಚ್ಚಿದ ಹಿಮದ ಹೊರೆ ಇಳಿದಾಗ ಏನಾದೀತು? ಕಳೆದ ಹಿಮಯುಗದಲ್ಲಿ ಉತ್ತರ ಯುರೋಪಿನ ಸ್ಕ್ಯಾಂಡಿನೇವಿಯಾದ ಮೇಲೆ ಸುಮಾರು 3 ಕಿ.ಮೀ. ದಪ್ಪದ ಹಿಮವಿತ್ತು. ಅದರ ಭಾರ ಪ್ರತಿ ಚದರ ಮೀಟರಿಗೆ 2,700 ಟನ್. ಅದರಡಿಯಲ್ಲಿ ನೆಲ ನೂರಾರು ಮೀಟರ್ ಕುಗ್ಗಿತ್ತು. ಹಿಮ ಕರಗಿ ಸುಮಾರು 10,000 ವರ್ಷವಾದರೂ ಸ್ವೀಡನ್ ಮತ್ತು ಫಿನ್ಲೆಂಡ್ ನಡುವಣ ಬೋತ್ನಿಯಾ ಕೊಲ್ಲಿಯ ದಂಡೆ ವರ್ಷಕ್ಕೆ ಸುಮಾರು 9 ಮಿಲಿಮೀಟರಿನಂತೆ ಇಂದಿಗೂ ಮೇಲೇಳುತ್ತಿದೆ. ಹಿಮ ಕರಗಿದ ಕಾಲದಲ್ಲೇ ಉತ್ತರ ಸ್ವೀಡನ್ನಿನಲ್ಲಿ ಪಾರ್ವಿ ಎಂಬ 150 ಕಿ.ಮೀ. ಉದ್ದದ ಸ್ತರಭಂಗ ಜಾರಿ, ಕೆಲವೆಡೆ 10 ಮೀಟರ್ ಎತ್ತರದ ನೆಲದ ಮೆಟ್ಟಿಲನ್ನೇ ಎಬ್ಬಿಸಿತು. ಇಂದು ಭೂಕಂಪವೇ ಅಪರೂಪವಾಗಿರುವ ಆ ಸೀಮೆಯಲ್ಲಿ ಅಂದು 8ರ ಸಮೀಪದ ಭೂಕಂಪವಾಗಿರಬೇಕೆಂದು ಭೂವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ.

ಜ್ವಾಲಾಮುಖಿಗಳ ನಾಡಾದ ಐಸ್‌ಲ್ಯಾಂಡಿನಲ್ಲಿ ಹಿಮದ ಪ್ರಭಾವ ಇನ್ನೊಂದು ರೀತಿಯದು. ಪ್ರೆಶರ್ ಕುಕ್ಕರಿನೊಳಗೆ ಒತ್ತಡ ಹೆಚ್ಚಿರುವಾಗ ನೀರು ನೂರು ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ಒತ್ತಡ ಇಳಿಸಿದೊಡನೆ ಕುದಿದೇಳುತ್ತದೆ. ಭೂಮಿಯಾಳದ ಕಾದ ಶಿಲೆಯೂ ಹಾಗೆಯೇ. ಮೇಲಿನ ಭಾರ ಅದನ್ನು ಕರಗದಂತೆ ಹಿಡಿದಿರುತ್ತದೆ. ಭಾರ ಇಳಿದರೆ ಅದೇ ಉಷ್ಣತೆಯಲ್ಲಿ ಕರಗಿ ಶಿಲಾರಸವಾಗುತ್ತದೆ. ಐಸ್‌ಲ್ಯಾಂಡಿನ ಹಿಮ ಕರಗಿದ ಬಳಿಕ ಸಾವಿರಕ್ಕೂ ಹೆಚ್ಚು ವರ್ಷ ಅಲ್ಲಿಯ ಲಾವಾ ಉಕ್ಕುವಿಕೆ ಇಂದಿಗಿಂತ ಹತ್ತಾರು ಪಟ್ಟು ಹೆಚ್ಚಿತ್ತೆಂದು ಲಾವಾ ಪದರಗಳೇ ಹೇಳುತ್ತವೆ. ಸಣ್ಣ ಪ್ರಮಾಣದಲ್ಲಿ ಇದೇ ಘಟನೆ 2004ರ ನವೆಂಬರಿನಲ್ಲಿ ಕಂಡಿತು. ಗ್ರಿಮ್ಸ್‌ವೊತ್ನ್ ಜ್ವಾಲಾಮುಖಿಯ ಮೇಲಿನ ಹಿಮದಡಿಯ ಕೆರೆಯ ನೀರು ಪ್ರವಾಹವಾಗಿ ಹೊರಗೆ ಹರಿದ ಬೆನ್ನಿಗೇ, ಭಾರ ಇಳಿದ ಜ್ವಾಲಾಮುಖಿ ಸ್ಫೋಟಿಸಿತು. ಮೊದಲೇ ತುಂಬಿ ನಿಂತಿದ್ದ ಅದಕ್ಕೆ ಆ ಸಣ್ಣ ಇಳಿತವೇ ಸಾಕಾಯಿತು.

ಈಗ ಭೂಮಿ ಬಿಸಿಯಾಗುತ್ತಿದ್ದು, ಐಸ್‌ಲ್ಯಾಂಡಿನ ಹಿಮ ಮತ್ತೆ ಕರಗುತ್ತಿದೆ. ಅಲ್ಲಿಯ ಕೆಲವು ಭಾಗಗಳು ವರ್ಷಕ್ಕೆ 30 ಮಿಲಿಮೀಟರಿಗೂ ಹೆಚ್ಚು ಮೇಲೇಳುತ್ತಿರುವುದು ಉಪಗ್ರಹ ಮಾಪನಗಳಲ್ಲಿ ದಾಖಲಾಗಿದೆ. ಹಾಗೆಂದು ನಾಳೆಯೇ ಜ್ವಾಲಾಮುಖಿಗಳು ಸಾಲಾಗಿ ಸಿಡಿಯುತ್ತವೆ ಎನ್ನುವಂತಿಲ್ಲ. ಆಳದಲ್ಲಿ ಕರಗಿದ ಶಿಲೆ ಮೇಲೆ ಬರಲು ದಶಕಗಳು, ಶತಮಾನಗಳು ಹಿಡಿಯುತ್ತವೆ. ಆದರೆ ಕಲ್ಲಿದ್ದಲು, ತೈಲಗಳನ್ನು ಉರಿಸಿದ್ದರ ಲೆಕ್ಕ ಆಕಾಶಕ್ಕೇ ಮುಗಿಯದೆ ನೆಲದಾಳಕ್ಕೂ ಇಳಿಯುತ್ತದೆಂಬುದು ಇದರಿಂದ ತಿಳಿಯುತ್ತದೆ.

ಚಂದ್ರನ ಪಾಲು

ಉಬ್ಬರವಿಳಿತದ ವಿಚಾರದಲ್ಲಿ ಎಚ್ಚರ ಹೆಚ್ಚು ಬೇಕು. ಚಂದ್ರ, ಸೂರ್ಯರ ಸೆಳೆತಕ್ಕೆ ಸಮುದ್ರ ಮಾತ್ರವಲ್ಲ, ಗಟ್ಟಿ ನೆಲವೂ ದಿನಕ್ಕೆರಡು ಬಾರಿ ಹಲವು ಸೆಂಟಿಮೀಟರ್ ಉಬ್ಬಿ ಇಳಿಯುತ್ತದೆ. ಇದರಿಂದ ಸೀಳುಗಳ ಮೇಲೆ ಆಗುವ ಒತ್ತಡದ ವ್ಯತ್ಯಾಸ, ಅವು ಜಾರುವಾಗ ಬಿಡುಗಡೆಯಾಗುವ ಒತ್ತಡದ ನೂರರಲ್ಲಿ ಒಂದು ಪಾಲಿಗಿಂತಲೂ ಸಾಮಾನ್ಯವಾಗಿ ಕಡಿಮೆ. ಆದರೂ 2004ರಲ್ಲಿ ಎಲಿಜಬೆತ್ ಕಾಕ್ರನ್ ಮತ್ತು ಸಂಗಡಿಗರು ಸಮುದ್ರದಂಚಿನ ಸಾವಿರಾರು ಭೂಕಂಪಗಳನ್ನು ಪರಿಶೀಲಿಸಿ, ಒಂದು ಬಗೆಯ ಸ್ತರಭಂಗಗಳಲ್ಲಿ ಬಲವಾದ ಉಬ್ಬರವಿಳಿತದ ಹೊತ್ತಿಗೆ ಭೂಕಂಪಗಳು ಹೆಚ್ಚುವುದನ್ನು ತೋರಿಸಿದರು. ಅಮೆರಿಕದ ಪಶ್ಚಿಮ ಕರಾವಳಿಯಾಚೆ ಸಮುದ್ರದ ತಳದಲ್ಲಿರುವ ಆಕ್ಸಿಯಲ್ ಜ್ವಾಲಾಮುಖಿ ಇನ್ನೂ ಸ್ಪಷ್ಟ ನಿದರ್ಶನ. ಅದು 2015ರಲ್ಲಿ ಉಕ್ಕುವ ಮೊದಲಿನ ತಿಂಗಳುಗಳಲ್ಲಿ ಸಣ್ಣ ಕಂಪನಗಳು ಸಮುದ್ರ ಇಳಿತದಲ್ಲಿರುವಾಗಲೇ ಹೆಚ್ಚುತ್ತಿದ್ದವು. ಮೇಲಿನ ನೀರಿನ ಭಾರ ಇಳಿದಾಗ ಕೆಳಗಿನ ಶಿಲಾರಸದ ಕೋಶ ಹಿಗ್ಗಿ ಸೀಳುಗಳನ್ನು ಜಾರಿಸುತ್ತದೆ.

2016ರಲ್ಲಿ ಜಪಾನಿನ ವಿಜ್ಞಾನಿಗಳು 2004ರ ಸುಮಾತ್ರಾ, 2010ರ ಚಿಲಿ, 2011ರ ಜಪಾನ್ ಮಹಾಕಂಪಗಳು ಉಬ್ಬರವಿಳಿತದ ಒತ್ತಡ ಹೆಚ್ಚಿದ್ದ ಹೊತ್ತಿನಲ್ಲಿ ಆದವೆಂದು ಗುರುತಿಸಿದರು. ಸುನಾಮಿ ತಂದ 2004ರ ಡಿಸೆಂಬರ್ 26 ಹುಣ್ಣಿಮೆಯೂ ಆಗಿತ್ತು. ಇಷ್ಟನ್ನೇ ಕೇಳಿದವರು ಪಂಚಾಂಗ ನೋಡಿ ಹೆದರತೊಡಗುತ್ತಾರೆ. ಆದರೆ 2018ರಲ್ಲಿ ಸೂಸನ್ ಹಫ್ ಎಂಬ ಭೂಕಂಪಶಾಸ್ತ್ರಜ್ಞೆ ನಾಲ್ಕು ಶತಮಾನಗಳ 8ನ್ನು ಮೀರಿದ ಭೂಕಂಪಗಳನ್ನು ಚಂದ್ರನ ತಿಥಿಗಳೊಂದಿಗೆ ಹೋಲಿಸಿ ನೋಡಿದಾಗ, ಯಾವ ತಿಥಿಗೂ ವಿಶೇಷ ಒಲವು ಕಾಣಲಿಲ್ಲ. ವರ್ಷಕ್ಕೆ ಹನ್ನೆರಡು ಹುಣ್ಣಿಮೆಗಳು ಬಂದುಹೋಗುತ್ತವೆ, ನೆಲ ನಡುಗದೆಯೇ ಉಳಿಯುತ್ತದೆ. ತೊಟ್ಟು ಸಡಿಲಿದ ಮಾವಿನ ಹಣ್ಣು ಸಣ್ಣ ಗಾಳಿಗೂ ಉದುರುತ್ತದೆ, ಎಳೆಯ ಮಿಡಿ ಅದೇ ಗಾಳಿಗೆ ಉದುರದು. ಗಾಳಿಯ ಹೊತ್ತು ಗೊತ್ತಿದ್ದ ಮಾತ್ರಕ್ಕೆ ಯಾವ ಹಣ್ಣು ಯಾವಾಗ ಬೀಳುತ್ತದೆಂದು ಹೇಳಲಾಗದು.

ನೆಪವೋ ಕಾರಣವೋ

ಇಷ್ಟನ್ನು ತಿಳಿದ ಮೇಲೆ ಅಸಲು ಪ್ರಶ್ನೆಗೆ ಬರಬಹುದು. ಇಂಥ ಭೂಕಂಪಗಳಿಗೆ ವಿಜ್ಞಾನಿಗಳು ಪ್ರಚೋದಿತ ಭೂಕಂಪ ಎಂಬ ಹೆಸರು ಕೊಟ್ಟಿದ್ದಾರೆ. ದೊಡ್ಡ ಭೂಕಂಪದ ಶಕ್ತಿ ನೀರಿನದಲ್ಲ, ನೆಲದಲ್ಲಿ ಮೊದಲೇ ಕೂಡಿದ್ದು. ನೀರು ಅದರ ಗಳಿಗೆಯನ್ನು ಹತ್ತಿರ ತಂದಿತು ಎಂಬುದು ಇದರ ಅರ್ಥ. ಮಾತು ಸರಿಯಾಗಿದೆ. ಆದರೆ ಈ ಸರಿಯಾದ ಮಾತೇ ಯೋಜನೆಗಳನ್ನು ರೂಪಿಸುವವರ ಬಾಯಲ್ಲಿ ಜಾರಿಕೊಳ್ಳುವ ದಾರಿಯಾಗಿದೆ. "ಹೇಗೂ ಆಗಬೇಕಿದ್ದ ಭೂಕಂಪ ಸ್ವಲ್ಪ ಬೇಗ ಆಯಿತು, ಅಷ್ಟೇ" ಎಂದುಬಿಡುತ್ತಾರೆ.

ಸ್ವಲ್ಪ ಬೇಗ ಎಂದರೆ ಎಷ್ಟು? ನೆಲದ ಲೆಕ್ಕದಲ್ಲಿ ಐನೂರು ವರ್ಷವೂ ಸ್ವಲ್ಪವೇ, ಮನುಷ್ಯರ ಲೆಕ್ಕದಲ್ಲಿ ಅದು ಇಪ್ಪತ್ತು ತಲೆಮಾರು. ಮುಂದೆಂದೋ ಆಗಬಹುದಾಗಿದ್ದ ಭೂಕಂಪ 1967ರಲ್ಲೇ ಆದದ್ದರಿಂದ ಸತ್ತವರು 1967ರ ಜನ. ಗಳಿಗೆಯನ್ನು ಬದಲಿಸುವವನು ಯಾರು ಸಾಯುತ್ತಾರೆಂಬುದನ್ನೂ ಬದಲಿಸುತ್ತಾನೆ. ಆದ್ದರಿಂದ ಪ್ರಚೋದನೆಯೆಂಬ ಪದ ಹೊಣೆಯನ್ನು ಕಡಿಮೆ ಮಾಡುವುದಿಲ್ಲ. ಸೆಳೆತ ಎಷ್ಟು ಕೂಡಿದೆಯೆಂದು ಅಳೆಯದೆ ಭಾರ ಹೇರುವುದು, ಮರದ ಬುಡ ನೋಡದೆ ಅದಕ್ಕೆ ಹಗ್ಗ ಕಟ್ಟಿ ಜಗ್ಗಿದಂತೆ.

ಇದಕ್ಕೆ ಎದುರಾದ ತಪ್ಪೂ ಇದೆ. ಜಗತ್ತಿನ ಸಾವಿರಾರು ದೊಡ್ಡ ಅಣೆಕಟ್ಟುಗಳ ಪೈಕಿ ಭೂಕಂಪದ ನಂಟು ಕಂಡುಬಂದದ್ದು ನೂರಕ್ಕೆ ತುಸು ಹೆಚ್ಚು ಕಡೆಗಳಲ್ಲಿ ಮಾತ್ರ. ಶರಾವತಿಗೆ ಲಿಂಗನಮಕ್ಕಿ 1964ರಲ್ಲಿ ಬಂತು. ಕಾಳಿಗೆ ಕಟ್ಟಿದ ಸೂಪಾ ಅಣೆಕಟ್ಟಿನ ಎತ್ತರ 101 ಮೀಟರ್, ಹೆಚ್ಚುಕಡಿಮೆ ಕೊಯ್ನಾದಷ್ಟೇ. ಅಲ್ಲಿ ಕೊಯ್ನಾದಂಥ ಭೂಕಂಪ ಆಗಿಲ್ಲ. ಚೀನಾದ ಸಿಚುವಾನಿನಲ್ಲಿ 2008ರಲ್ಲಿ ಸಂಭವಿಸಿದ 7.9 ತೀವ್ರತೆಯ ಭೂಕಂಪದಲ್ಲಿ ಸುಮಾರು 87,000 ಜನ ಸತ್ತರು ಅಥವಾ ಕಾಣೆಯಾದರು. ಸಮೀಪದ 156 ಮೀಟರ್ ಎತ್ತರದ ಝಿಪಿಂಗ್‌ಪು ಅಣೆಕಟ್ಟಿನ ನೀರು ಅದಕ್ಕೆ ಪ್ರಚೋದನೆಯಾಯಿತೇ ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ಒಮ್ಮತವಿಲ್ಲ. ಒಮ್ಮತವಿಲ್ಲದ್ದನ್ನು ಸಾಬೀತಾದದ್ದೆಂದು ಕೂಗುವ ಚಳವಳಿ ತನ್ನ ಮಾತಿನ ಬೆಲೆಯನ್ನೇ ಕಳೆದುಕೊಳ್ಳುತ್ತದೆ.

ಕೊಡಗಿನ ಉದಾಹರಣೆ ಇದಕ್ಕೆ ಸೂಕ್ತ. 2018ರ ಜುಲೈ 9ರಂದು ಅಲ್ಲಿ 3.4 ತೀವ್ರತೆಯ ಕಂಪನವಾಯಿತು. ಆಗಸ್ಟ್ ನಡುವಿನಲ್ಲಿ ಬೆಟ್ಟಗಳು ಕುಸಿದವು. ಕಂಪನದಿಂದಲೇ ಕುಸಿತ ಎಂಬ ಮಾತು ಎಲ್ಲೆಡೆ ಹಬ್ಬಿತು. ಆದರೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ಅಧ್ಯಯನ ಬೊಟ್ಟುಮಾಡಿದ್ದು ಅತಿಯಾದ ಮಳೆಯನ್ನು ಮತ್ತು ಮನೆ, ರಸ್ತೆಗಳಿಗಾಗಿ ಇಳಿಜಾರನ್ನು ಕಡಿದು ಬದಲಿಸಿದ್ದನ್ನು. ಭೂಕಂಪದ ಮೇಲೆ ಹೊರೆ ಹೊರಿಸುವುದು ಸುಲಭ, ಏಕೆಂದರೆ ಭೂಕಂಪಕ್ಕೆ ಯಾರೂ ಪರವಾನಗಿ ಕೊಟ್ಟಿರುವುದಿಲ್ಲ. ಇಳಿಜಾರು ಕಡಿಯಲು ಪರವಾನಗಿ ಕೊಟ್ಟವರಿರುತ್ತಾರೆ. 2022ರ ಜೂನ್ ಕೊನೆಯಲ್ಲಿ ಚೆಂಬು, ಸುಳ್ಯದ ಸುತ್ತಮುತ್ತ ಸಣ್ಣ ಕಂಪನಗಳು ಮತ್ತೆಮತ್ತೆ ಆದಾಗಲೂ ಜನರಿಗೆ ಬೇಕಾಗಿದ್ದುದು ಸಮಾಧಾನದ ಮಾತಲ್ಲ, ಅಳತೆಯ ಅಂಕಿಗಳು.

ಕೇಳಬೇಕಾದದ್ದು

ಬೆಟ್ಟದ ಜನ ಯೋಜನೆಗಳ ಸಾರ್ವಜನಿಕ ಸಭೆಗಳಲ್ಲಿ ಕೇಳಬೇಕಾದ ಪ್ರಶ್ನೆಗಳನ್ನು ಕೊಯ್ನಾ ಬರೆದುಕೊಟ್ಟಿದೆ.

ಮೊದಲನೆಯದು, ನೀರು ತುಂಬುವ ಮುನ್ನವೇ ಕೆಲವು ವರ್ಷ ಕಣಿವೆಯಲ್ಲಿ ಕಂಪನ ಮಾಪಕಗಳನ್ನು ಇಟ್ಟು ದಾಖಲೆ ಮಾಡಲಾಗಿದೆಯೇ? ಕೊಯ್ನಾದಲ್ಲಿ ಹಾಗೆ ಮಾಡಿರಲಿಲ್ಲ. ಅಣೆಕಟ್ಟಿಗೆ ಮುಂಚೆಯೂ ಅಲ್ಲಿ ಸಣ್ಣ ಕಂಪನಗಳಿದ್ದವೇ ಎಂಬ ವಾದ ಬಹುಕಾಲ ನಡೆದದ್ದು ಅದರಿಂದಲೇ. ಮೊದಲಿನ ಆರೋಗ್ಯ ಬಲ್ಲವನಿಗೆ ಮಾತ್ರ ರೋಗ ತಿಳಿದೀತು.

ಎರಡನೆಯದು, ನೀರನ್ನು ಯಾವ ವೇಗದಲ್ಲಿ ಏರಿಸಲಾಗುತ್ತದೆ, ಇಳಿಸಲಾಗುತ್ತದೆ? ಹಗಲಿರುಳು ನೀರನ್ನು ಮೇಲೆತ್ತಿ ಕೆಳಗೆ ಬಿಡುವ ಪಂಪ್ಡ್ ಸ್ಟೋರೇಜ್ ಯೋಜನೆಗಳಿಗೆ ಈ ಪ್ರಶ್ನೆ ಇನ್ನಷ್ಟು ಸಲ್ಲುತ್ತದೆ. ಅಲ್ಲಿ ಭೂಕಂಪಕ್ಕಿಂತ ಹತ್ತಿರದ ಆತಂಕ ದಂಡೆಯದು. ಮಟ್ಟ ಬೇಗ ಇಳಿದಾಗ ಮಣ್ಣಿನೊಳಗಣ ನೀರು ಅಷ್ಟೇ ಬೇಗ ಹೊರಬರಲಾರದೆ ದಂಡೆ ಜಾರುತ್ತದೆ. ಧರೆ ಕುಸಿತದ ನಿಯಮವೇ ಇದು.

ಮೂರನೆಯದು, ಜಲಾಶಯದ ಮಟ್ಟ ಮತ್ತು ಕಂಪನಗಳ ದಾಖಲೆಗಳು ಊರಿನ ಗ್ರಾಮ ಪಂಚಾಯಿತಿಯಲ್ಲಿ, ಕನ್ನಡದಲ್ಲಿ, ಯಾರು ಕೇಳಿದರೂ ನೋಡಲು ಸಿಗುತ್ತವೆಯೇ? ಡೆನ್ವರಿನಲ್ಲಿ ನಿಜ ಹೊರಬಂದದ್ದು ತುಂಬಿದ ನೀರಿನ ಅಂಕಿಗಳನ್ನೂ ಕಂಪನದ ಅಂಕಿಗಳನ್ನೂ ಒಬ್ಬ ವ್ಯಕ್ತಿ ಅಕ್ಕಪಕ್ಕದಲ್ಲಿಟ್ಟು ನೋಡಲು ಸಾಧ್ಯವಾದದ್ದರಿಂದ.

ನಾಲ್ಕನೆಯದು, ಊರಿನ ಶಾಲೆ ಮತ್ತು ಆಸ್ಪತ್ರೆಗಳ ಗೋಡೆ ಎಷ್ಟು ಗಟ್ಟಿ? ಭೂಕಂಪದಲ್ಲಿ ಜನರನ್ನು ಕೊಲ್ಲುವುದು ಬಹುಪಾಲು ಕುಸಿಯುವ ಗೋಡೆ, ಮಾಡುಗಳು. ಕೊಯ್ನಾನಗರದಲ್ಲೂ ಆದದ್ದು ಅದೇ. ಮಣ್ಣು ಅಥವಾ ಕಲ್ಲಿನ ಗೋಡೆಗೆ ಬಾಗಿಲ ಮೇಲ್ಮಟ್ಟದಲ್ಲಿ ಸುತ್ತಲೂ ಕಬ್ಬಿಣ ಹಾಕಿದ ಕಾಂಕ್ರೀಟ್ ಪಟ್ಟಿ ಕೊಟ್ಟರೆ, ಮೂಲೆಗಳನ್ನು ಕಟ್ಟಿ ಹಿಡಿದರೆ ಸಾವುಗಳು ಬಹಳಷ್ಟು ತಗ್ಗುತ್ತವೆ. ಕೋಟಿಗಟ್ಟಲೆಯ ಯೋಜನೆಗೆ ಇದರ ಖರ್ಚು ಹೊರೆಯೇ ಅಲ್ಲ.

ವಿದ್ಯಾರ್ಥಿಗಳ ಪಾಲಿಗೂ ಕೆಲಸವಿದೆ. ಪ್ರತಿ ಶಾಲೆಯಲ್ಲೊಂದು ಮಳೆಮಾಪಕ, ಊರಿನ ಒಂದು ತೆರೆದ ಬಾವಿಯ ವಾರದ ನೀರಿನ ಮಟ್ಟ, ಒರತೆ ಹುಟ್ಟಿದ ಮತ್ತು ಬತ್ತಿದ ದಿನ, ನೆಲ ಅಲುಗಿದರೆ ಅದರ ದಿನಾಂಕ, ಗಂಟೆ, ಸದ್ದಿನ ಬಗೆ, ಧರೆಯಲ್ಲಿ ಬಿರುಕು ಕಂಡ ಜಾಗ. ಇವಿಷ್ಟನ್ನು ಒಂದು ನೋಟ್ ಪುಸ್ತಕದಲ್ಲಿ ಹತ್ತು ವರ್ಷ ಬಿಡದೆ ಬರೆದಿಟ್ಟರೆ, ಅದು ಯಾವ ತಜ್ಞರ ಸಮಿತಿಯೂ ತಳ್ಳಿಹಾಕಲಾಗದ ದಾಖಲೆಯಾಗುತ್ತದೆ. ಕೊಯ್ನಾದ ಹಳ್ಳಿಗರು 1962ರಿಂದಲೇ ಸದ್ದು ಕೇಳಿದ್ದರು. ಅವರು ಕೇಳಿದ್ದನ್ನು ಬರೆದಿಟ್ಟು, ನೀರಿನ ಮಟ್ಟದೊಂದಿಗೆ ಹೋಲಿಸಿ, ಮನೆಗಳನ್ನು ಬಲಪಡಿಸುವ ಕೆಲಸಕ್ಕೆ ಐದು ವರ್ಷಗಳ ಅವಕಾಶವಿತ್ತು. ಅಂಥ ಅವಕಾಶ ಇನ್ನೊಂದು ಕಣಿವೆಯಲ್ಲಿ ಹಾಗೆಯೇ ಕಳೆದುಹೋಗಬಾರದು.